ಹಕಾರ ಕಳೆದುಕೊಂಡ ಕಲ್ಲು

ಠಣ್, ಠಣ್, ಠಣ್. ಸ್ಟೀಲ್ ಟಿಫನ್ ಬಾಕ್ಸಿನ ಮುಚ್ಚಳಕ್ಕೆ ಚಮಚದಿಂದ ಬಡಿಯುವ ಸದ್ದು. ಮಂಡ್ಯದ ಪೇಟೆ ಬೀದಿಯಲ್ಲಿ ಆಟೋಗಳ ಹಾರ್ನು, ಸೊಪ್ಪು ಮಾರುವವಳ ಕೂಗು, ಮೊಬೈಲ್ ಅಂಗಡಿಯ ಹಾಡು ಇಷ್ಟನ್ನೂ ಸೀಳಿಕೊಂಡು ಆ ಸದ್ದು ಬಂದರೆ ಅಂಗಡಿಯವರು ತಲೆ ಕೂಡ ಎತ್ತದೆ, "ಬಂದ್ರು ಕಣ್ಲಾ, ಸ್ಟೂಲ್ ಒಳಕ್ಕೆ ತಗೊ" ಅನ್ನುತ್ತಿದ್ದರು. ಬರುತ್ತಿದ್ದವರು ನಮ್ಮ ಅಕ್ಕ. ಅವರ ಹಿಂದೆ ಛತ್ರಿ, ನೀರಿನ ಬಾಟಲಿ ಹಿಡಿದ ಒಂದು ಹಿಂಡು ಹೆಂಗಸರು. ಎಲ್ಲರಿಗಿಂತ ಹಿಂದೆ, ಮುಖ ಮುಚ್ಚಿಕೊಳ್ಳಲು ಸೆರಗು ಸಾಲದೆ ಒದ್ದಾಡುತ್ತಾ, ನಾನು.

ನಮ್ಮ ಅಕ್ಕನಿಗೆ ಕಣ್ಣಿನ ದೋಷ ಒಂದಿತ್ತು. ಇಲ್ಲದಿರುವುದೆಲ್ಲ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇರುವುದು ಮಾತ್ರ ಕಾಣುತ್ತಿರಲಿಲ್ಲ. "ಅಗೋ ಹುಣಸೇಮರ" ಎಂದು ಬರೀ ಗಾಳಿಯ ಕಡೆ ಬೆರಳು ಮಾಡುತ್ತಾ, ಎದುರಿಗೆ ನಿಲ್ಲಿಸಿದ್ದ ಸ್ಕೂಟರಿಗೆ ಹೋಗಿ ಗುದ್ದುತ್ತಿದ್ದರು. ಇಂಥ ಕಣ್ಣಿಗೆ ಯಾವ ಡಾಕ್ಟರ್ ಯಾವ ನಂಬರಿನ ಕನ್ನಡಕ ಕೊಟ್ಟಾನು?

ಅಕ್ಕ ಅಂದೆನಲ್ಲ, ಒಡಹುಟ್ಟಿದವರಲ್ಲ. ನನ್ನ ಯಜಮಾನರ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಅವರು ಕೊತ್ತತ್ತಿಯ ನಾಲೆ ಬಯಲಿನಿಂದ ಪೇಟೆ ಬೀದಿಯ ಮನೆಗೆ ಸೊಸೆಯಾಗಿ ಬಂದವರು. ನಾನು ಮೈಸೂರಿನ ಕಾನ್ವೆಂಟಿನಿಂದ ಅದೇ ಮನೆಗೆ ಬಂದವಳು. ಮೊದಲ ದಿನ ಅವರು ಕೊಟ್ಟ ಕಾಫಿಗೆ ನಾನು 'ಥ್ಯಾಂಕ್ಯೂ' ಅಂದೆ. ಅವರು ಒಳಗೆ ಹೋಗಿ ನಮ್ಮ ಅತ್ತೆಯನ್ನು ಕೇಳಿದರಂತೆ: "ಆ ಉಡ್ಗಿ ಏನೋ ಕೇಳ್ತಾ ಐತೆ. ಬೆಲ್ಲ ಕಮ್ಮಿಯಾಗೈತಾ ನೋಡವ್ವ." ಅವತ್ತಿನಿಂದ ನನ್ನ ಕಾಫಿಗೆ ಒಂದು ಚಮಚ ಬೆಲ್ಲ ಜಾಸ್ತಿ. ಈಗ ನನಗಿರುವ ಶುಗರಿಗೆ ಕಾನ್ವೆಂಟಿನ ಮ್ಯಾನರ್ಸೇ ಕಾರಣ ಎಂದು ಡಾಕ್ಟರಿಗೂ ಹೇಳಿದ್ದೇನೆ. ಅವರು ನಂಬಲಿಲ್ಲ.

ಯಾರಾದರೂ ಮನೆಗೆ ದಾರಿ ಕೇಳಿದರೆ ಅಕ್ಕ ಹೇಳುತ್ತಿದ್ದುದು ಹೀಗೆ: "ಸೀಮೆಎಣ್ಣೆ ಡಿಪೋ ತಾವ ಎಡಕ್ಕೆ ತಿರುಕ್ಕೊ, ಜಟಕಾ ನಿಲ್ಲೋ ಜಾಗ ಬತ್ತದೆ, ಅಲ್ಲಿಂದ ಹುಣಸೇಮರ ದಾಟಿದ್ರೆ ನಮ್ಮನೆ." ಡಿಪೋ ಮುಚ್ಚಿ ಎಷ್ಟೋ ಕಾಲವಾಗಿತ್ತು, ಜಟಕಾ ನೋಡಿದ ಕುದುರೆಗಳೇ ಉಳಿದಿರಲಿಲ್ಲ, ಹುಣಸೇಮರವನ್ನು ಕಡಿದು ಅದರ ಮೇಲೆ ಮೂರಂತಸ್ತು ಕಟ್ಟಿ ಕೆಳಗೆ ಬೇಕರಿ ಇಟ್ಟಿದ್ದರು. ನಾನು "ಬೇಕರಿ ಪಕ್ಕ ಅನ್ನಿ ಅಕ್ಕ, ಸಿಂಪಲ್" ಎಂದರೆ, "ಬೇಕರಿ ನಾಳೆ ಓಯ್ತದೆ ಕಣಮ್ಮ. ಮರ ಓಗಾಯ್ತಲ್ಲ, ಇನ್ನೆಲ್ಲಿಗೂ ಓಗಲ್ಲ" ಅನ್ನುತ್ತಿದ್ದರು. ಈ ಲಾಜಿಕ್ಕಿಗೆ ಉತ್ತರವನ್ನು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಕೈಗೆ ಯಾವ ಬಟ್ಟೆ ಸಿಕ್ಕಿದರೂ, ಟವೆಲ್ಲಾಗಲಿ, ಮಸಿಬಟ್ಟೆಯಾಗಲಿ, ನನ್ನ ಲೇಸಿನ ಕರ್ಚೀಫಾಗಲಿ, ಮಾತಾಡುತ್ತಾ ಆಡುತ್ತಾ ಅದನ್ನು ಹುರಿಮಾಡಿ ದುಂಡಗೆ ಸುತ್ತಿ ಸಿಂಬೆ ಮಾಡಿ ಇಟ್ಟುಬಿಡುತ್ತಿದ್ದರು. ತಲೆಯ ಮೇಲೆ ಕೊಡವೋ ಮಂಕರಿಯೋ ಹೊರುವವರು ಅಡಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಆ ಸಿಂಬೆ. ಮನೆಯಲ್ಲಿ ಎಲ್ಲಿ ನೋಡಿದರೂ ಸಿಂಬೆ. ನರ್ವಸ್ ಹ್ಯಾಬಿಟ್ ಎಂದು ನಾನು ತೀರ್ಮಾನಿಸಿದ್ದೆ. ನಾನು ತೀರ್ಮಾನಿಸಿದ್ದರಲ್ಲಿ ಸರಿಯಾಗಿದ್ದು ಬಹಳ ಕಡಿಮೆ, ಮುಂದೆ ನೋಡುತ್ತೀರಿ.

ಎಲ್ಲಕ್ಕೂ ಮೂಲ ನಮ್ಮ ಬೀದಿಯ ಮೂಲೆಯ ಒಂದು ಕಲ್ಲು. ನಿಲ್ಲಿಸಿದ ಎರಡು ಕಂಬ, ಅದರ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ, ಆಳೆತ್ತರ. ಬಿದ್ದುಹೋದ ಯಾವುದೋ ಮನೆಯ ಬಾಗಿಲುವಾಡ ಎಂದೇ ನಾನು ಅಂದುಕೊಂಡಿದ್ದೆ. ಅದರ ಮೇಲೆ ಕೇಬಲ್ ವೈರು, ಯಾರದೋ ಒದ್ದೆ ಲುಂಗಿ, ಬಿಸಿಲಿದ್ದರೆ ಒಂದು ಬೆಕ್ಕು. ಒಂದು ಬೆಳಿಗ್ಗೆ ನೋಡಿದರೆ ಆ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಇಂಟು ಮಾರ್ಕು. ಪಕ್ಕದಲ್ಲಿ ಟೇಪು ಹಿಡಿದ ಇಂಜಿನಿಯರು. ಅಕ್ಕ ಬೀದಿಗೆ ಇಳಿದರು.

"ಏನಪ್ಪ, ಕಲ್ಲಿಗೆ ಕುಂಕುಮ ಇಟ್ಟೀಯ?"

"ಮಾರ್ಕಿಂಗ್ ಕಣಮ್ಮ. ಚರಂಡಿ ಅಗಲ ಮಾಡ್ತಾವ್ರೆ, ಇದನ್ನ ಕೀಳ್ಬೇಕು."

"ಕಿತ್ತು ಎಲ್ಲಿಗೆ ಆಕೀಯ?"

"ಎಲ್ಲಾದ್ರೂ ಹಾಕ್ತೀವಿ. ಕಲ್ಲಿಗೇನು ಮನೆ ಮಠ ಇದ್ದದಾ?"

"ನೀನು ಈ ಊರಿಗೆ ಬರಕ್ಕೆ ಮುಂಚಿಂದ ಇಲ್ಲೇ ನಿಂತೈತೆ. ನಿಂಗೇ ಮನೆ ಮಠ ಇರ್ಬೇಕಾದ್ರೆ ಅದಕ್ಕಿರಕ್ಕಿಲ್ವಾ?"

ಇಂಜಿನಿಯರು ಒಳ್ಳೆಯ ಮನುಷ್ಯ, ಮದ್ದೂರಿನ ಕಡೆಯವರು. ಟೇಪು ಸುತ್ತಿಕೊಳ್ಳುತ್ತಾ, "ನೋಡಮ್ಮ, ಜನ ಬಂದು ನೋಡೋ ಅಂಥ ಹಿಸ್ಟ್ರಿ ಏನಾದ್ರೂ ಇದಕ್ಕೆ ಇದ್ರೆ ಮೇಲಿನೋರಿಗೆ ಹೇಳ್ಬೋದು. ಬರೀ ಬೆಕ್ಕು ಮಲಗ್ತದೆ ಅಂದ್ರೆ ಬಿಡಲ್ಲ" ಎಂದರು.

ಅಕ್ಕ ಅಲ್ಲೇ ನಿಂತು ತಮ್ಮ ಸೆರಗಿನ ತುದಿಯನ್ನು ಸಿಂಬೆ ಸುತ್ತಿದರು. ಆಮೇಲೆ ಒಳಗೆ ಬಂದು, "ಜನ ಬರ್ಬೇಕಂತೆ ಕಣಮ್ಮ. ನಿಮ್ಮ ಲೇಡೀಸ್ ಕ್ಲಬ್ಬಿನೋರು ಸುಮ್ನೆ ಕುಂತವ್ರಲ್ಲ, ಕರಿ" ಎಂದರು.

ಹೀಗೆ ಶುರುವಾಯಿತು ಮಂಡ್ಯದ ಪೇಟೆ ಬೀದಿಯ ಹೆರಿಟೇಜ್ ವಾಕ್. ಹೆಸರು ನನ್ನದು. ಅಕ್ಕ ಅದನ್ನು 'ಎರಿಟೇಜು' ಅನ್ನುತ್ತಿದ್ದರು.

ಇಲ್ಲಿ ಒಂದು ಭಾಷಾಶಾಸ್ತ್ರ ಹೇಳಬೇಕು. ನಮ್ಮ ಕಡೆ ಮಾತಿನಲ್ಲಿ ಹಕಾರ ಉದುರಿಹೋಗುತ್ತದೆ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. ಅಕ್ಕನ ಹಕಾರಗಳೂ ಹಾಗೇ ಉದುರಿದ್ದವು. ಆದರೆ ಲೇಡೀಸ್ ಕ್ಲಬ್ಬಿನವರ ಮುಂದೆ ಶುದ್ಧವಾಗಿ ಮಾತಾಡಬೇಕೆಂದು ಅವರು ಹಟ ತೊಟ್ಟು, ಇಷ್ಟು ವರ್ಷ ಉದುರಿಸಿದ ಹಕಾರಗಳನ್ನೆಲ್ಲ ಒಟ್ಟಿಗೆ ಎತ್ತಿಕೊಂಡು ಬಂದರು. ಪಾಪ, ಯಾವುದು ಯಾವ ಪದದ್ದು ಎಂಬುದು ಮರೆತುಹೋಗಿತ್ತು. "ಹಿಲ್ಲಿ ಒಂದು ಅಳೇ ಬಾವಿ ಇತ್ತು. ಹಾನೆ ಬಂದು ನೀರು ಕುಡೀತಿತ್ತು. ಹಾಮೇಲೆ ಹರಮನೆಗೆ ಓಯ್ತಿತ್ತು." ಹಕಾರ ಇರಬೇಕಾದ ಕಡೆ ರಜಾ, ಇರಬಾರದ ಕಡೆ ಹಾಜರ್. ನನ್ನ ಕೆಲಸ ಅವರ ಹಿಂದೆ ನಿಂತು ಬೇಡದ ಹಕಾರಗಳನ್ನು ಕಿತ್ತು, ಬೇಕಾದಲ್ಲಿ ನೆಡುವುದು. ಎಲೊಕ್ಯೂಷನ್‌ನಲ್ಲಿ ಮೆಡಲ್ ತೆಗೆದುಕೊಂಡವಳಿಗೆ ಎಂಥಾ ಉದ್ಯೋಗ ನೋಡಿ.

ಆ ಹಳೇ ಬಾವಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಕ್ಕ ಮುಚ್ಚಳ ಬಡಿದು ಎಲ್ಲರನ್ನೂ ಅಂಗಡಿಯೊಳಗೆ ನುಗ್ಗಿಸಿದರು.

"ಏಳಪ್ಪ ಸ್ವಲ್ಪ. ಬಾವಿ ನೋಡ್ಬೇಕು."

"ಬಾವಿಯಾ? ಎಲ್ಲಜ್ಜಿ?"

"ನಿನ್ನ ಕುರ್ಚಿ ಕೆಳಗೆ."

ಅವನು ಹಾವು ಕಂಡವನಂತೆ ಎದ್ದ. ನಮ್ಮ ಕ್ಲಬ್ಬಿನ ಹೆಂಗಸರು, ರಿಟೈರ್ಡ್ ಹೆಡ್ಮಿಸ್ಟ್ರೆಸ್ ಸಮೇತ, ಒಬ್ಬೊಬ್ಬರಾಗಿ ಬಗ್ಗಿ ಟೈಲ್ಸ್ ನೋಡಿದರು. "ಆಳ ಇದೆ ಅಲ್ವಾ?" ಎಂದು ಒಬ್ಬರು ಕೇಳಿಯೂಬಿಟ್ಟರು. ಅಂಗಡಿಯವನು ನಮ್ಮ ಮೇಲೆ ರೇಗುತ್ತಾನೆ ಅಂದುಕೊಂಡರೆ, ಮಾರನೆಯ ವಾರ ಅವನು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ: "ಫೋನಿಂದೇನೂ ತಪ್ಪಿಲ್ಲ ಸಾರ್. ಕೆಳಗೆ ಬಾವಿ ಐತೆ, ಅದಕ್ಕೇ ಇಲ್ಲಿ ನೆಟ್‌ವರ್ಕ್ ಸಿಗಲ್ಲ."

ಟೆಂಟು ಸಿನಿಮಾ ಇದ್ದ ಕಡೆ ಈಗ ಬ್ಯಾಂಕು. ಅಲ್ಲಿ ಅಕ್ಕ ಎಲ್ಲರನ್ನೂ ಎಟಿಎಂ ಮೆಟ್ಟಿಲ ಮೇಲೆ ಕೂರಿಸಿ, "ಹಿದು ನೆಲದ ಟಿಕೇಟು. ಎಂಗಸರು ಈ ಕಡೆ, ಗಂಡಸರು ಆ ಕಡೆ" ಎಂದು ದುಡ್ಡು ತೆಗೆಯಲು ಬಂದ ಇಬ್ಬರು ಗಂಡಸರನ್ನೂ ಆ ಕಡೆ ಕೂರಿಸಿದರು. ಅವರು ಕೂತರು! ಯಾಕೆ ಕೂತರು ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅಕ್ಕ ಎದುರಿನ ಖಾಲಿ ಗೋಡೆಗೆ ಕೈ ಮಾಡಿ ಯಾವುದೋ ಕಥೆಯ ಯುದ್ಧದ ಭಾಗ ಹೇಳುತ್ತಿರುವಾಗ ಸೆಕ್ಯೂರಿಟಿಯವನು ಬಂದು ನೋಡಿದ. ಬೈಯಲಿಲ್ಲ. "ಇಂಟ್ರವಲ್ ಆಯ್ತು, ಏಳ್ರಮ್ಮ" ಅಂದ.

ಎರಡು ಮೂರು ವಾಕ್ ಆಯಿತು. ಬಂದವರಿಗೆಲ್ಲ ಬಾವಿ ಇಷ್ಟವಾಯಿತು, ಸಿನಿಮಾ ಇಷ್ಟವಾಯಿತು, ಕೊನೆಯಲ್ಲಿ ಅಕ್ಕ ತೋರಿಸುತ್ತಿದ್ದ ಮೂಲೆಯ ಕಲ್ಲನ್ನು ಮಾತ್ರ ಯಾರೂ ನಿಂತು ನೋಡಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ಕಾಫಿಯ ಧ್ಯಾನ. ಅತ್ತ ಚರಂಡಿಯ ಜೆಸಿಬಿ ಬೀದಿಯ ಆ ತುದಿಯಿಂದ ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತಿತ್ತು. ಅಕ್ಕ ರಾತ್ರಿ ಊಟ ಕಡಿಮೆ ಮಾಡಿದರು. ಮನೆಯಲ್ಲಿ ಸಿಂಬೆಗಳು ಜಾಸ್ತಿಯಾದವು.

"ಒಂದು ಹ್ಯಾಂಡ್‌ಬಿಲ್ ಹಾಕಿಸೋಣ ಅಕ್ಕ. ಮದ್ದೂರು, ಮಳವಳ್ಳಿಯವರೆಗೂ ಹಂಚಿಸೋಣ" ಅಂದೆ ನಾನು.

ಅಕ್ಕ ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡರು. ಬಾವಿ ಬರೆಸಿದರು, ಸಿನಿಮಾ ಬರೆಸಿದರು. ಕೊನೆಗೆ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿದರು: "ಮೂಲೇಲಿ, ಹೊ-ರೆ-ಗ-ಲ್ಲು."

ನಾನು ನಕ್ಕೆ. ಮನಸ್ಸಿನಲ್ಲೇ. ಆನೆಗೆ 'ಹಾನೆ', ಅರಮನೆಗೆ 'ಹರಮನೆ' ಅಂದವರು 'ಹೊರೆಗಲ್ಲು' ಅಂದರೆ ಏನರ್ಥ? ಆಫ್ ಕೋರ್ಸ್, ಒರೆಗಲ್ಲು! ಚಿನ್ನ ಉಜ್ಜಿ ಪರೀಕ್ಷೆ ಮಾಡುವ ಕಲ್ಲು. ಪೇಟೆ ಬೀದಿ ಅಂದಮೇಲೆ ಅಕ್ಕಸಾಲಿಗರು ಇರಲೇಬೇಕಲ್ಲ? ಅಭ್ಯಾಸಬಲದಿಂದ ಹಕಾರ ಕಿತ್ತುಹಾಕಿದೆ. ಅಷ್ಟಕ್ಕೇ ಬಿಡದೆ ಕೆಳಗೆ ನನ್ನ ಕೈಯಿಂದ ಎರಡು ಸಾಲು ಸೇರಿಸಿದೆ: 'ಅಪ್ಪಟ ಚಿನ್ನವನ್ನೂ ಖೋಟಾ ಚಿನ್ನವನ್ನೂ ಬೇರ್ಪಡಿಸುತ್ತಿದ್ದ ಪುರಾತನ ಶಿಲೆ. ಬನ್ನಿ, ಸ್ಪರ್ಶಿಸಿ.' ನನ್ನ ಕನ್ನಡಕ್ಕೆ ನಾನೇ ಬೆರಗಾದೆ.

ಅಚ್ಚಾಗಿ ಬಂದ ಮೇಲೆ ಅಕ್ಕ ಹ್ಯಾಂಡ್‌ಬಿಲ್ಲನ್ನು ತೋಳುದ್ದ ದೂರ ಹಿಡಿದು, ತುಟಿ ಅಲ್ಲಾಡಿಸುತ್ತಾ ತುಂಬ ಹೊತ್ತು ಓದಿದರು. ನನ್ನ ಮುಖ ನೋಡಿದರು. ಇನ್ನೊಂದು ಸಲ ಓದಿದರು. "ಆಯ್ತು ಬುಡು" ಎಂದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಮೇಲೆ ಆಗಿದ್ದನ್ನು ಹೇಗೆ ಹೇಳಲಿ? ಜನ ಬಂದರು. ಬಸ್ಸಿನಲ್ಲಿ ಬಂದರು, ಟೆಂಪೋ ಮಾಡಿಕೊಂಡು ಬಂದರು. ಆತಗೂರಿನಿಂದ ಒಬ್ಬರು ಹೆಂಡತಿಯ ಓಲೆ ಕಟ್ಟಿಕೊಂಡು ಬಂದರು, ಹೆಂಡತಿಯನ್ನು ಬಿಟ್ಟು. ಸರ, ಬಳೆ, ಉಂಗುರ, ಒಬ್ಬರು ತಮ್ಮ ಬಂಗಾರದ ಹಲ್ಲನ್ನೇ ಹತ್ತಿರ ತಂದರು; ಅಕ್ಕ, "ಅಲ್ಲೊಂದು ಬುಟ್ಟು ಇನ್ನೆಲ್ಲ ಉಜ್ಜಪ್ಪ" ಎಂದು ತಡೆದರು. ಅದು ಗಟ್ಟಿ ಕಗ್ಗಲ್ಲು. ಅದರ ಮೇಲೆ ಉಜ್ಜಿದರೆ ಚಿನ್ನ ಸವೆಯುವುದು ಬಿಟ್ಟು ಇನ್ನೇನೂ ತಿಳಿಯುವುದಿಲ್ಲ. ಆದರೂ ಉಜ್ಜಿದವರೆಲ್ಲ ಅಕ್ಕನ ಬಾಯಿ ನೋಡುತ್ತಿದ್ದರು. ಅಕ್ಕ ಗೆರೆಯ ಕಡೆ ಕಣ್ಣೇ ಹಾಕುತ್ತಿರಲಿಲ್ಲ. ಒಡವೆ ತೊಟ್ಟವಳ ಮುಖ ನೋಡಿ ಹೇಳುತ್ತಿದ್ದರು: "ಅಪ್ಪಟ."

ಎಲ್ಲರದೂ ಅಪ್ಪಟವೇ. ಮಳವಳ್ಳಿಯಿಂದ ಬಂದ ಅತ್ತೆಯೊಬ್ಬರು ಹೊಸ ಸೊಸೆಯ ಕೊರಳಿನ ಸರ ಬಿಚ್ಚಿಸಿ ಬಲವಾಗಿ ಉಜ್ಜಿದರು. ಆ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

"ಸರಿಯಾಗಿ ನೋಡಿ ಏಳ್ರಮ್ಮ. ಇವ್ರಪ್ಪನ ಮನೇಲಿ ಆಕಿದ್ದು."

"ಸರ ಅಪ್ಪಟ ಕಣವ್ವ. ಉಜ್ಜಿದ ಕೈ ಮ್ಯಾಲೇ ನಂಗೆ ಅನುಮಾನ."

ಆ ಹುಡುಗಿ ತಲೆ ಎತ್ತಿ ಅಕ್ಕನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಹೋಗುವಾಗ ಸರವನ್ನು ಅವಳೇ ಹಾಕಿಕೊಂಡಳು. ಅತ್ತೆ ಕೊಕ್ಕೆ ಸಿಕ್ಕಿಸಿಕೊಟ್ಟರು.

ಒಡವೆ ಅಂಗಡಿಯವರು ಮಾತ್ರ ಓಡಿಬಂದರು. "ನಿಮ್ಮ ಕಲ್ಲಿಂದ ನಮ್ಮ ವ್ಯಾಪಾರ ಹಾಳಾಯ್ತದೆ ಕಣಮ್ಮ."

"ಯಾಕಪ್ಪ? ನಿನ್ನ ಚಿನ್ನಾನೂ ಅಪ್ಪಟ ಅಂತಾನೇ ಏಳ್ತಾ ಇದ್ದೀನಲ್ಲ."

ಅವರು ಒಂದು ಗಳಿಗೆ ಯೋಚಿಸಿದರು. ಸಂಜೆ ಹೊತ್ತಿಗೆ ಬಂದವರಿಗೆಲ್ಲ ಅವರ ಅಂಗಡಿಯಿಂದಲೇ ಮಜ್ಜಿಗೆ ಬಂತು.

ಇಷ್ಟಾದ ಮೇಲೆ ಜೆಸಿಬಿ ಆ ಕಲ್ಲನ್ನು ಮುಟ್ಟುತ್ತದೆಯೇ? ಚರಂಡಿ ಮೂಲೆಗೆ ಬಂದಾಗ ಗೌರವದಿಂದ ಬಳುಕಿ, ಕಲ್ಲನ್ನು ಪ್ರದಕ್ಷಿಣೆ ಹಾಕಿ ಮುಂದೆ ಹೋಯಿತು. ಇಂಜಿನಿಯರು ತಾವೇ ಬಂದು ಹೇಳಿದರು: "ಉಳೀತು ಕಣಮ್ಮ ನಿಮ್ಮ ಕಲ್ಲು." ಅವತ್ತು ರಾತ್ರಿ ಅಕ್ಕ ಎರಡು ಮುದ್ದೆ ಉಂಡರು.

ಆದರೆ ನಮ್ಮ ಜನಕ್ಕೆ ಒಂದನ್ನು ಉಳಿಸಿದ ಮೇಲೆ ಸುಮ್ಮನಿರಲು ಬರುತ್ತದೆಯೇ? ಕಲ್ಲಿಗೆ ಬಂಗಾರದ ಬಣ್ಣ ಬಳಿದರು. ಸುತ್ತ ಕಬ್ಬಿಣದ ಗ್ರಿಲ್ಲು, ಅದಕ್ಕೆ ಬೀಗ, ಬೀಗದ ಕೈ ಮೊಬೈಲ್ ಅಂಗಡಿಯವನ ವಶಕ್ಕೆ. ಮೇಲೊಂದು ಬೋರ್ಡು: 'ಪುರಾತನ ಒರೆಗಲ್ಲು. ಮುಟ್ಟಬಾರದು.' ಉದ್ಘಾಟನೆಗೆ ಶಾಮಿಯಾನ. ಅಕ್ಕನಿಗೆ ಶಾಲು ಹೊದಿಸಿ, ಕೈಗೆ ಮೈಕ್ ಕೊಟ್ಟು, ಎರಡು ಮಾತಾಡಿ ಎಂದರು.

ಅಕ್ಕ ಎದ್ದು ನಿಂತು ಗ್ರಿಲ್ಲನ್ನೇ ನೋಡಿದರು. ಶಾಲನ್ನು ಆಗಲೇ ಸಿಂಬೆ ಸುತ್ತಿಯಾಗಿತ್ತು. ಕೊನೆಗೆ ಮೈಕಿನಲ್ಲಿ, "ಹೆಲ್ಲಾ ಚೆನ್ನಾಗೈತೆ" ಅಂದರು. ಆಮೇಲೆ, "ಹೊರೆ ಎಲ್ಲಿ ಇಳಿಸೋದು?" ಅಂದರು.

ಜನ ಚಪ್ಪಾಳೆ ಹೊಡೆದರು. ಏನೋ ವೇದಾಂತ ಹೇಳಿದರು ಎಂದುಕೊಂಡರು. ನಾನು ಮಾತ್ರ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತೆ. ಹೊರೆ. ಹಕಾರದ ಜೊತೆ. ಆಳೆತ್ತರದ ಚಪ್ಪಡಿ. ಮನೆತುಂಬ ಸಿಂಬೆ. ಓ ಮೈ ಗಾಡ್.

ಮನೆಗೆ ಬಂದ ಮೇಲೆ ಕೇಳಿದೆ. "ಅಕ್ಕ, ಅದು ಚಿನ್ನದ ಕಲ್ಲಲ್ಲವಾ?"

"ಯಾವ ಚಿನ್ನ ಕಣಮ್ಮ? ತಲೆ ಮ್ಯಾಲಿನ ಒರೆ ಇಳಿಸಿ ಸುಧಾರಿಸ್ಕೊಳ್ಳೋ ಕಲ್ಲು. ಒತ್ತಿರೋ ಮಂಕರೀನ ಒಬ್ರೇ ಇಳ್ಸಕ್ಕಾಗಲ್ಲ, ಇಳಿಸಿದ್ನ ಒಬ್ರೇ ಎತ್ಕೊಳ್ಳಕ್ಕಾಗಲ್ಲ. ಆ ಚಪ್ಪಡಿ ಮ್ಯಾಕೆ ಸುಮ್ನೆ ಜಾರಿಸ್ಬೌದು. ಯಾರ ಕೈನೂ ಕಾಯಂಗಿಲ್ಲ."

"ನೀವು ಸರಿಯಾಗೇ ಹೇಳಿದ್ದಿರಿ. ನಾನೇ ಹಕಾರ ಕಿತ್ತೆ."

"ಉಂ. ಅದೊಂದು ಮಾತ್ನ ಮಾತ್ರ ಕನ್ನಡಿ ಮುಂದೆ ನಿಂತ್ಕೊಂಡು ಕಲ್ತಿದ್ದೆ. ನೀನು ಅದ್ನೇ ಕಿತ್ತಾಕ್ದೆ."

"ಮತ್ತೆ ಹ್ಯಾಂಡ್‌ಬಿಲ್ ನೋಡಿದಾಗ ಯಾಕೆ ಹೇಳಲಿಲ್ಲ?"

"ಏಳಣ ಅಂತಲೇ ನಿನ್ನ ಮಖ ನೋಡ್ದೆ. ಆಮ್ಯಾಕೆ ಯೋಚ್ನೆ ಮಾಡ್ದೆ, ಬದನೆಕಾಯಿ ಮಂಕರಿ ಇಳಿಸ್ತಿದ್ದ ಕಲ್ಲು ನೋಡಕ್ಕೆ ಮಳವಳ್ಳಿಯಿಂದ ಯಾರು ಬಂದಾರು? ಚಿನ್ನ ಅಂದ್ರೆ ಬತ್ತಾರೆ. ಬರ್ಲಿ ಬುಡು ಅಂದ್ಕೊಂಡೆ."

ಆಮೇಲೆ ಅವರು ಹೇಳಿದರು. ಅವರ ತಾಯಿ ಕೊತ್ತತ್ತಿಯಿಂದ ತರಕಾರಿ ಮಂಕರಿ ಹೊತ್ತು ನಡೆದೇ ಈ ಪೇಟೆಗೆ ಬರುತ್ತಿದ್ದರಂತೆ. ಇವರು ಚಿಕ್ಕ ಹುಡುಗಿ, ಹಿಂದೆಯೇ ಓಡಿಕೊಂಡು. "ಒರೆ ಒತ್ತೋರು ಕತ್ತು ತಿರುಗ್ಸಂಗಿಲ್ಲ ಕಣಮ್ಮ. ದಾರಿ ಉದ್ದಕ್ಕೂ ನಂಗೆ ಕಾಣ್ತಿದ್ದದ್ದು ಅವ್ವನ ಬೆನ್ನು. ನಾನು ಬಿದ್ರೂ ತಿರುಗ್ತಿರ್ಲಿಲ್ಲ, 'ಏಳವ್ವ' ಅಂತ ಮುಂದೆ ನೋಡ್ಕೊಂಡೇ ಅಂತಿದ್ಲು. ಆ ಕಲ್ಲ ತಾವ ಒರೆ ಇಳಿಸಿ, ಕತ್ತು ನೆಟ್ಟಗೆ ಮಾಡ್ಕೊಂಡು, ಆಮ್ಯಾಕೆ ತಿರುಗಿ ನನ್ನ ಮಖ ನೋಡೋಳು. ದಿನಕ್ಕೆ ಒಂದು ಸಾರಿ. ಮನೇಲಿ ಅವ್ಳಿಗೆ ಅಷ್ಟು ಪುರುಸೊತ್ತೂ ಇರ್ಲಿಲ್ಲ."

ಇಷ್ಟು ಹೇಳಿ ಎದ್ದು ಕಾಫಿ ಮಾಡಲು ಹೋದರು. ಅವತ್ತೂ ಬೆಲ್ಲ ಜಾಸ್ತಿಯೇ ಇತ್ತು.

ಬೋರ್ಡು ಬದಲಾಯಿಸಲು ನಾನು ಓಡಾಡಿದೆ. 'ಒರೆ'ಯನ್ನು 'ಹೊರೆ' ಮಾಡಿದರೆ ನೋಡಲು ಬರುವವರು ನಿಂತುಹೋಗುತ್ತಾರೆ, ಆಮೇಲೆ ಕಲ್ಲಿನ ಗತಿ ಏನು ಎಂದು ಇಂಜಿನಿಯರೇ ಕೇಳಿದರು. ಬೋರ್ಡಿನಲ್ಲಿ ಇವತ್ತಿಗೂ ಒರೆಗಲ್ಲೇ ಇದೆ.

ಆ ವರ್ಷವೇ ನಾನು ಕಣ್ಣಿನ ಪೊರೆಯ ಆಪರೇಷನ್‌ಗೆಂದು ಮೈಸೂರಿನ ತಂಗಿಯ ಮನೆಗೆ ಹೊರಟೆ. ಆಟೋ ಬೀದಿಯ ಮೂಲೆಯಲ್ಲಿ ನಿಂತಿತ್ತು. ನನ್ನ ರೆಕ್ಸಿನ್ ಬ್ಯಾಗನ್ನು ನಾನು ಎತ್ತಿಕೊಳ್ಳುವಷ್ಟರಲ್ಲಿ ಅಕ್ಕ ಟವೆಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು, "ಎತ್ತಮ್ಮ ಮ್ಯಾಕೆ" ಅಂದರು.

"ಅಕ್ಕ, ಪ್ಲೀಸ್, ಜನ ನೋಡ್ತಾರೆ."

"ನೋಡ್ಲಿ. ಎರಿಟೇಜು."

ಅವರು ಮುಂದೆ, ನಾನು ಹಿಂದೆ. ಬಟ್ಟೆ ಒಗೆಸುವುದು, ಗ್ಯಾಸ್ ಬುಕ್ ಮಾಡುವುದು, ಮಾತ್ರೆ ಮರೆಯಬೇಡಿ ಎಂದೆಲ್ಲ ನಾನು ಅವರ ಬೆನ್ನಿಗೆ ಹೇಳುತ್ತಾ ಹೋದೆ. ಅವರು ತಿರುಗಲಿಲ್ಲ. ಮೊಬೈಲ್ ಅಂಗಡಿಯವನು ಬೀಗದ ಕೈ ಹಿಡಿದು ಕಾಯುತ್ತಿದ್ದ. ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ. ಗ್ರಿಲ್ಲು ತೆಗೆದ. ಅಕ್ಕ ಒಳಗೆ ಹೋಗಿ ಕಲ್ಲಿಗೆ ಒತ್ತಿ ನಿಂತು, ತಲೆಯನ್ನು ಒಂದಿಷ್ಟೇ ಓರೆ ಮಾಡಿದರು. ಬ್ಯಾಗು ಬಂಗಾರದ ಬಣ್ಣದ ಚಪ್ಪಡಿಯ ಮೇಲೆ ಜಾರಿ ಕೂತಿತು. ಕತ್ತು ನೆಟ್ಟಗೆ ಮಾಡಿಕೊಂಡರು. ತಿರುಗಿ ನನ್ನ ಮುಖ ನೋಡಿದರು. ಹಣೆಯಿಂದ ಗಲ್ಲದವರೆಗೆ, ನಿಧಾನವಾಗಿ.

"ಏನಕ್ಕ ಹೀಗೆ ನೋಡ್ತೀರಿ?"

"ಒರೆ ಇಳೀತಲ್ಲ."

ಆಟೋದವನು, "ಬಸ್ಸು ಓಯ್ತದೆ ಬನ್ರಮ್ಮ" ಎಂದ.

"ಓಗ್ಲಿ ಬುಡ್ಲಾ, ಇನ್ನೊಂದು ಬತ್ತದೆ" ಎಂದು ಅಕ್ಕ ಇನ್ನೂ ನೋಡುತ್ತಲೇ ಇದ್ದರು.

ನಾನು ಅವರನ್ನು ನೋಡಿದ ಕಡೇ ಸಲ ಅದು; ನಾನು ಮೈಸೂರಿನಲ್ಲಿರುವಾಗಲೇ ಅವರು ತೀರಿಕೊಂಡರು. ಆಟೋ ತಿರುಗುವಾಗ ಪೊರೆ ಕವಿದ ಕಣ್ಣಿಗೆ ಕಂಡಿದ್ದಿಷ್ಟು: ತೆರೆದ ಗ್ರಿಲ್ಲು, ಕಲ್ಲಿಗೆ ಒರಗಿ ನಿಂತ ಅಕ್ಕ, ತಲೆಯ ಮೇಲೆ ತೆಗೆಯಲು ಮರೆತ ಸಿಂಬೆ. ಅದರ ಮೇಲೆ ಹೊರೆ ಇರಲಿಲ್ಲ.